ಡೈವಿಂಗ್ ಕಂಪಾಸ್ ಸರಿ ಐತೋ ಇಲ್ಲೋ ಊರಾಗ ಕುಂತ ಹೆಂಗ ನೋಡೂದ್ರಿ?

ಉಣಕಲ್_ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ಹೋದ ವರ್ಷ ಮುರ್ಡೇಶ್ವರಕ್ಕ ಹೋಗಿ ನೇತ್ರಾಣಿ ನಡುಗಡ್ಡಿಯಾಗ ಓಪನ್ ವಾಟರ್ ಅನ್ನೋ ಡೈವಿಂಗಿನ ಮೊದಲ ಕೋರ್ಸ್ ಮುಗಿಸೀನಿ. ಈ ಡಿಸೆಂಬರ್‌ದಾಗ ಅಡ್ವಾನ್ಸ್ಡ್ ಮಾಡೂದೈತಿ, ಪ್ಯಾಡಿ (ಡೈವಿಂಗ್ ಕಲಸೂ ಸಂಸ್ಥೆ) ಅಡ್ವಾನ್ಸ್ಡ್ ಒಳಗ ಐದು ಡೈವ್, ಅದರಾಗ ಡೀಪ್ ಮತ್ತ ನ್ಯಾವಿಗೇಶನ್ ಎರಡೂ ಬಿಡಾಕ ಬರಂಗಿಲ್ಲ. ಅದಕ್ಕ ಸ್ವಂತದ್ದೊಂದು ಕಂಪಾಸ್ ಇರ್ಲಿ ಅಂತ ಹುಡಕ್ತಿದ್ದೆ, ಜರ್ಮನಿಯಾಗಿರೋ ನಮ್ಮ ಸೋದರಮಾವನ ಮಗ ದೀಪಾವಳಿಗೆ ಬಂದಾಗ ತಾ ಬಳಸಿದ್ದನ್ನ ಕೊಟ್ಟು ಹೋದ. ಕೈಗೆ ಕಟ್ಟೂದು, ಒಳಗ ಎಣ್ಣಿ ತುಂಬಿದ ಡಬ್ಬಿ, ಅದರಾಗ ಡಿಗ್ರಿ ಬರದಿರೋ ದುಂಡನ ಕಾರ್ಡ್ ತಿರಗತೈತಿ, ಮಗ್ಗಲಿಗೆ ಓದಾಕ ಒಂದು ಸಣ್ಣ ಕಿಡಕಿ.

ಈಗ ತ್ರಾಸು ಏನಂದ್ರ, ನಮ್ಮ ಮಾಳಗಿ ಮ್ಯಾಲ ನೀರಿನ ಟ್ಯಾಂಕಿನ ಹಂತ್ಯಾಕ ನಿಂತ್ರ ಉತ್ತರ ಒಂದು ಕಡೆ ತೋರಸ್ತೈತಿ, ನಾಕ ಹೆಜ್ಜಿ ಸರದು ಪಾವಟಿಗಿ ಬಾಗಲಕ್ಕ ಬಂದ್ರ 25 ಡಿಗ್ರಿ ಬ್ಯಾರೆ. ಅಡಗಿಮನಿ ಕಟ್ಟಿ ಮ್ಯಾಲ ಇಟ್ರ ಮತ್ತೊಂದು. ಫೋನಿನ ಕಂಪಾಸ್ ಮಗ್ಗಲಕ್ಕ ಇಟ್ಟು ನೋಡಿದ್ರ ಅದಕ್ಕೂ ಇದಕ್ಕೂ ತಾಳಿಲ್ಲ. ಎಣ್ಣಿಯೊಳಗ ಸಾಸಿವಿ ಕಾಳಿನಷ್ಟು ಒಂದು ಗುಳ್ಳಿನೂ ಐತಿ. ಇನ್ನೊಂದು, ಸಪಾಟಾಗಿ ಹಿಡಿದ್ರ ಕಾರ್ಡ್ ಚಂದಾಗಿ ತಿರಗತೈತಿ, ಜರಾ ವಾಲಿಸಿದ್ರ ಕಚ್ಕೊಂಡಂಗ ನಿಂತಬಿಡ್ತೈತಿ, ಅದೂ ಒಂದ ಕಡೆ ವಾಲಿಸಿದಾಗ ಜಾಸ್ತಿ.

ಇಷ್ಟ್ಯಾಕ ತಲಿ ಕೆಡಿಸ್ಕೊಂಡೀನಿ ಅಂದ್ರ, ಕೋರ್ಸ್ ಮುಗದ ಮ್ಯಾಲ ಮಾಡಿದ ಒಂದು ಡೈವ್‌ದಾಗ ನೀರು ಮಬ್ಬಿತ್ತು, ನಾನೂ ನನ್ನ ಜೋಡಿದಾರನೂ ಲಂಗರದ ಹಗ್ಗ ತಪ್ಪಿಸ್ಕೊಂಡು ಅಲ್ಲೇ ಸುತ್ತಾಡಿ ಸುತ್ತಾಡಿ ಕಡೀಕ ಮ್ಯಾಲ ಬಂದು ನೋಡಿದ್ರ ಬೋಟು ಎಲ್ಲೋ ದೂರ, ಸೆಳವು ನಮ್ಮನ್ನ ಇನ್ನೂ ಆಚೆ ತಳ್ಳತಿತ್ತು. ಬೋಟಿನವ್ರು ನೋಡಿ ಬಂದ್ರು, ಏನೂ ಆಗ್ಲಿಲ್ಲ, ಆದ್ರ ಅವತ್ತು ನನ್ನ ಕೈಯಾಗ ಕಂಪಾಸ್ ಇದ್ದಿಲ್ಲ. ನಂಬಾಕ ಬರೂ ಕಂಪಾಸ್ ಬೇಕ್ರಿ ನಂಗ. ಮುರ್ಡೇಶ್ವರ ಇಲ್ಲಿಂದ 200 ಕಿಲೋಮೀಟರ್ ಹತ್ರ ಆಗ್ತೈತಿ, ಅಲ್ಲಿಗೆ ಹೋದ ಮ್ಯಾಲ ಕೆಟ್ಟೈತಿ ಅಂತ ಗೊತ್ತಾಗೂದು ಬ್ಯಾಡ. ಮನ್ಯಾಗ ಹೆಂಗ ಚೆಕ್ ಮಾಡ್ಬೇಕು?

ಸರ್ವೇ_ಕಾಕಾ_ಧಾರವಾಡ:

ತಮ್ಮಾ, ನಾ ಸಮುದ್ರದಾಗ ಮುಳುಗಿದಾಂವ ಅಲ್ಲ, ಸರ್ವೇ ಕೆಲಸ ಮಾಡಿ ರಿಟೈರ್ ಆದಾಂವ. ಪ್ರಿಸ್ಮ್ಯಾಟಿಕ್ ಕಂಪಾಸ್ ಹಿಡಕೊಂಡು ಹೊಲದ ಬದುವಿನ ಮ್ಯಾಲ ಭಾಳ ವರ್ಷ ಅಡ್ಡಾಡೇನಿ, ಸೂಜಿ ನೀರಾಗಿರಲಿ ನೆಲದ ಮ್ಯಾಲಿರಲಿ ಅದರ ಸ್ವಭಾವ ಒಂದ. ನೀ ಬರದದ್ದು ಓದಿದ್ರ ನನಗ ಮೊದಲ ಸಂಶಯ ಬರೂದು ಕಂಪಾಸಿನ ಮ್ಯಾಲ ಅಲ್ಲ, ನಿನ್ನ ಮಾಳಗಿ ಮ್ಯಾಲ. ಸ್ಲ್ಯಾಬಿನೊಳಗ ಕಬ್ಬಿಣದ ಸರಳು ಜಾಳಗಿ ಹಾಕಿರ್ತಾರ, ಟ್ಯಾಂಕಿನ ಸ್ಟ್ಯಾಂಡ್ ಕಬ್ಬಿಣ, ಪಾವಟಿಗಿ ಬಾಗಲಾ ಕಬ್ಬಿಣ, ಅಡಗಿಮನ್ಯಾಗ ಫ್ರಿಜ್ಜು ಗ್ಯಾಸ್ ಸಿಲಿಂಡರು. ನಾಕ ಹೆಜ್ಜಿಗೆ ಉತ್ತರ ಬದಲಾಗೂದು ಅಲ್ಲಿ ಸಹಜ. ಇದಕ್ಕ ನಮ್ಮ ಕಡೆ ಲೋಕಲ್ ಅಟ್ರ್ಯಾಕ್ಷನ್ ಅಂತಾರ, ಸಿವಿಲ್ ಡಿಪ್ಲೊಮಾ ಹುಡುಗರಿಗೆ ಮೊದಲ ಕಲಸೂದ ಇದು. ಫೋನ್ ಮಗ್ಗಲಕ್ಕಿಟ್ಟು ನೋಡಿದಿ ಅಂದ್ಯಲ್ಲಾ, ಫೋನಿನ ಸ್ಪೀಕರ್‌ದಾಗ ಅಯಸ್ಕಾಂತ ಇರ್ತದ, ಅದು ನಿನ್ನ ಕಂಪಾಸನ್ನ ಎಳೀತದ, ನಿನ್ನ ಕಂಪಾಸು ಫೋನನ್ನ ಕೆಡಸ್ತದ. ಎರಡು ಕಂಪಾಸ್ ತಾಳಿ ನೋಡೂದಿದ್ರ ಮೊದಲು ಒಂದರಾಗ ಓದು, ಅದನ್ನ ದೂರ ಒಯ್ದಿಟ್ಟು ಬಂದು ಅದ ಜಾಗಾದಾಗ ನಿಂತು ಇನ್ನೊಂದರಾಗ ಓದು.

ಮುಂಬೈಯೊಳಗ ಕೊಲಾಬಾದಾಗ ಭೂಮಿ ಕಾಂತತ್ವ ಅಳಿಯೂ ವೇಧಶಾಲೆ ಇತ್ತು. ಊರಾಗ ಕರೆಂಟಿನ ಟ್ರಾಮು ಬರ್ತಾವು ಅಂದಾಗ ಅಳತಿ ಕೆಡ್ತದಂತ ಆ ಕೆಲಸಾನ್ನ 1904ರಾಗ ಅಲಿಬಾಗಿಗೆ ಒಯ್ದ್ರು. ಅಂಥಾ ಉಪಕರಣಕ್ಕ ಟ್ರಾಮು ತ್ರಾಸು ಕೊಡ್ತದಂದ್ರ ನಿನ್ನ ಕೈಯಾಗಿನದಕ್ಕ ಸ್ಲ್ಯಾಬು ಕೊಡದ ಇರ್ತದೇನು?

ಹಿಂಗ ಮಾಡು. ಬೆಳಿಗ್ಗೆ ಬಯಲಿಗೆ ಹೋಗು, ನೆಹರೂ ಮೈದಾನ ಆಗಬಹುದು, ಧಾರವಾಡದ ಕರ್ನಾಟಕ ಕಾಲೇಜು (ಕೆಸಿಡಿ) ಗ್ರೌಂಡ್ ಆಗಬಹುದು, ಗೋಲ್ ಪೋಸ್ಟು, ತಂತಿ ಬೇಲಿ, ನಿಂತ ಗಾಡಿ ಎಲ್ಲಾದರಿಂದ ದೂರ ನಟ್ಟನಡುವ ನಿಲ್ಲು. ಕಿಸೆದಾಗಿನ ಕೀಲಿ, ಫೋನು, ಸೊಂಟದ ಬೆಲ್ಟಿನ ಬಕಲು ತಗದಿಡು. ಎರಡು ಕಲ್ಲು ಇಟ್ಕೊ, ನಡುವ ಒಂದು ಐವತ್ತು ಹೆಜ್ಜಿ ಇರಲಿ. ಈ ಕಲ್ಲಿನ ಮ್ಯಾಲ ನಿಂತು ಆ ಕಲ್ಲಿಗೆ ಡಿಗ್ರಿ ಓದು, ಆ ಕಡೆ ಹೋಗಿ ನಿಂತು ಈ ಕಲ್ಲಿಗೆ ಓದು. ಎರಡರ ನಡುವ ಬರೋಬ್ಬರಿ 180 ಫರಕ ಇರಬೇಕು. ಇದ್ರ ಜಾಗಾ ಚೊಲೊ ಅದ, ಆಮ್ಯಾಲ ಕಂಪಾಸಿನ ಪರೀಕ್ಷಾ ಮಾಡು. ಇಲ್ಲದಿದ್ರ ಜಾಗಾ ಬದಲಸು.

ಪರೀಕ್ಷಾ ಅಂದ್ರ ತಿಕ್ಕಾಟದ ಪರೀಕ್ಷಾ. ಕಂಪಾಸ್ ಕಲ್ಲಿನ ಮ್ಯಾಲ ಸಪಾಟ ಇಟ್ಟು ಒಂದು ಸ್ಕ್ರೂ ಡ್ರೈವರ್ ಎಡಗಡೆಯಿಂದ ಸಮೀಪ ತಂದು ಕಾರ್ಡ್ ಒಂದು 30 ಡಿಗ್ರಿ ಸರಿಯೂ ಹಂಗ ಮಾಡಿ ತಟ್ಟನ ದೂರ ಒಯ್ದಬಿಡು. ಕಾರ್ಡ್ ತಿರುಗಿ ಮೊದಲಿನ ಅಂಕಿಗೆ ಬಂದು ನಿಲ್ಲಬೇಕು. ಹಂಗ ಬಲಗಡೆಯಿಂದನೂ ಮಾಡು. ಎಡದಿಂದ ಬಂದಾಗ ಒಂದು ಅಂಕಿ ಬಲದಿಂದ ಬಂದಾಗ ಮತ್ತೊಂದು ಅಂಕಿ ಬಂತಂದ್ರ ನಡುವಿನ ಮೊಳೆ ಮೊಂಡಾಗೇದ ಇಲ್ಲಾ ಎಣ್ಣಿಯೊಳಗ ಕಸರು ಕುಂತದ. ದೊಡ್ಡ ಅಯಸ್ಕಾಂತ ಮಾತ್ರ ಹಚ್ಚಬ್ಯಾಡ ತಮ್ಮಾ, ಜೋರಾದ ಅಯಸ್ಕಾಂತದಿಂದ ಸೂಜಿ ಉತ್ತರ ದಕ್ಷಿಣ ಅದಲು ಬದಲು ಆಗಿಬಿಡ್ತಾವು.

ಹಾವೇರಿ_ಡೈವರ್:

ಕಾಕಾರು ಹೇಳಿದ್ದು ನೂರಕ್ಕ ನೂರು ಖರೆ. ನಂದು ಹಾವೇರಿ, ಅಕ್ಟೋಬರ್‌ದಿಂದ ಮೇ ತನಕ ಸೀಸನ್ ಇದ್ದಾಗ ಮುರ್ಡೇಶ್ವರದಾಗ ಡೈವ್ ಕೆಲಸಾ ಮಾಡ್ತೀನಿ, ಅದಕ್ಕ ನೀರಿನ ಕಡೀದು ನಾ ಹೇಳ್ತೀನಿ.

ಒಂದ ಕಡೆ ವಾಲಿಸಿದಾಗ ಕಚ್ಕೋತೈತಿ ಅಂದ್ಯಲ್ಲಾ, ಅದರ ಗುಟ್ಟು ಜರ್ಮನಿಯಾಗ ಐತಿ. ಭೂಮಿ ಕಾಂತದ ಗೆರಿ ಎಲ್ಲಾ ಕಡೆ ಅಡ್ಡಕ ಇರಂಗಿಲ್ಲ, ಧ್ರುವದ ಕಡೆ ಹೋದಂಗ ನೆಲದೊಳಗ ಇಳಕೋತ ಹೋಗ್ತಾವು. ಜರ್ಮನಿಯಾಗ ಆ ಇಳಕಲು 65 ಡಿಗ್ರಿ ಆಸುಪಾಸು, ನಮ್ಮ ಕಡೆ 20ರ ಹತ್ರ ಅಷ್ಟ, ಯಾಕಂದ್ರ ಕಾಂತದ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿ ಹಂತ್ಯಾಕ ಹಾದು ಹೋಗತೈತಿ. ಅಲ್ಲಿ ಮಾರೂ ಕಂಪಾಸಿಗೆ ಉತ್ತರದ ತುದಿ ಕೆಳಗ ಜಗ್ಗಬಾರದು ಅಂತ ದಕ್ಷಿಣದ ತುದಿಗೆ ತಟಗ ತೂಕ ಹಾಕಿರ್ತಾರ. ಅದ ಕಂಪಾಸ್ ಇಲ್ಲಿಗೆ ತಂದ್ರ ಉತ್ತರ ಅಷ್ಟು ಜಗ್ಗಂಗಿಲ್ಲ, ತೂಕ ಮಾತ್ರ ಹಂಗ ಉಳೀತೈತಿ, ದಕ್ಷಿಣದ ಅಂಚು ಕೆಳಗ ಬರ್ತೈತಿ. ಮಗ್ಗಲಿನ ಕಿಡಕಿಯಿಂದ ನೋಡು, ಕಾರ್ಡಿನ ಅಂಚು ಒಂದು ಕಡೆ ಗಾಜಿಗೆ ಸನೇಕ ಒಂದು ಕಡೆ ದೂರ ಕಂಡ್ರ ಅದ. ಇದು ಕೆಟ್ಟಿದ್ದಲ್ಲ, ಆ ಸೀಮಿಗೆ ಮಾಡಿದ್ದು. ಹಿಂದ ಏನರ ಉತ್ತರ ಗೋಳ ಅಥವಾ ವಲಯ ಅಂತ ಗುರುತು ಐತೇನು ನೋಡು. ಕೆಲವು ಕಂಪಾಸ್‌ಗೋಳು ಭಾಳ ವಾಲಿದ್ರೂ ತಡ್ಕೋತಾವು, ಕೆಲವು ತಡ್ಕೊಳ್ಳಂಗಿಲ್ಲ. ನೀರಾಗ ಈಜೂ ಮುಂದ ಕೈ ಸಪಾಟ ಹಿಡಿಯೂದು ಯಾರಿಂದನೂ ಪೂರಾ ಆಗಂಗಿಲ್ಲ, ಅದಕ್ಕ ಎಷ್ಟು ಡಿಗ್ರಿ ವಾಲಿಸಿದ್ರ ನಿಲ್ತೈತಿ ಅನ್ನೂದು ನಿಂಗ ಗೊತ್ತಿರಬೇಕು. ಸ್ಕೂಲಿನ ಕೋನಮಾಪಕ ಇಟ್ಟು ಅಳದು ನೋಡು.

ಗುಳ್ಳಿ ಬಗ್ಗೆ ಹೆದರಬ್ಯಾಡ. ವಿಮಾನದಾಗ ಬಂದೈತಿ, ಮತ್ತ ಹುಬ್ಬಳ್ಳಿ ಅಂದ್ರನೂ ಸಮುದ್ರ ಮಟ್ಟಕ್ಕಿಂತ 600 ಮೀಟರ್‌ಗಿಂತ ಮ್ಯಾಲ, ಒತ್ತಡ ಕಡಿಮಿ ಆದಾಗ ಸಣ್ಣ ಗುಳ್ಳಿ ಬರ್ತೈತಿ. ದಿನಾ ದಿನಾ ದೊಡ್ಡದಾಗಾಕತ್ತಿದ್ರ, ಇಲ್ಲಾ ಒರಸಿದ ಮ್ಯಾಲೂ ಡಬ್ಬಿ ಸುತ್ತ ಎಣ್ಣಿ ಜಿಡ್ಡು ಕೈಗೆ ಹತ್ತಿದ್ರ ಮಾತ್ರ ಸೋರಾಕತ್ತೈತಿ ಅಂತ ಅರ್ಥ, ಅಂಥಾದ್ದು ಬ್ಯಾಡ. ಈಗಿನ ಅಳತಿ ಪೆನ್ನಿನಿಂದ ಗಾಜಿನ ಮ್ಯಾಲ ಗುರುತು ಮಾಡಿಟ್ಟು ಎರಡು ವಾರ ನೋಡು.

ಬೆಜಲ್, ಅಂದ್ರ ಗಾಜಿನ ಸುತ್ತಿನ ಉಂಗುರ, ತಿರುಗಿಸಿ ನೋಡು, ಕರಕರ ಅಂದ್ರ ಒಳಗ ಉಸುಕೋ ಉಪ್ಪೋ ಕುಂತೈತಿ. ಉಗರಬೆಚ್ಚನ ಸಿಹಿ ನೀರಾಗ ರಾತ್ರಿಯೆಲ್ಲಾ ನೆನಿ ಹಾಕಿ ಬಕೀಟಿನೊಳಗ ತಿರುಗಿಸ್ಕೋತ ಇರು, ಬಿಡ್ತೈತಿ. ಬಿಡ್ಲಿಲ್ಲಂದ್ರ ಕೋರ್ಸ್‌ದಾಗ ತ್ರಾಸಾಗ್ತೈತಿ, ನೀರಿನ ಕೆಳಗ ಗ್ಲೌಸ್ ಹಾಕ್ಕೊಂಡು ತಿರುಗಿಸೂದು ಇರ್ತೈತಿ.

ಇನ್ನ ಗೇರ್ ಬಗ್ಗೆ. ಸೀಸದ ತೂಕ, ಅಲ್ಯುಮಿನಿಯಂ ಸಿಲಿಂಡರು ಕಂಪಾಸಿಗೆ ಏನೂ ಮಾಡಂಗಿಲ್ಲ. ಉಕ್ಕಿನ ಸಿಲಿಂಡರು, ಅಯಸ್ಕಾಂತದ ಸ್ವಿಚ್ ಇರೋ ಟಾರ್ಚು, ಕೈಯಾಗಿನ ಡೈವ್ ಕಂಪ್ಯೂಟರು ಇವು ಮಾಡ್ತಾವು. ಕಂಪ್ಯೂಟರ್ ಒಂದು ಕೈಗೆ, ಕಂಪಾಸ್ ಇನ್ನೊಂದು ಕೈಗೆ ಕಟ್ಟು. ಬೋಟಿನ ಇಂಜಿನ್ ಮಗ್ಗಲಕ್ಕ ಕುಂತು ದಿಕ್ಕು ಸೆಟ್ ಮಾಡಬ್ಯಾಡ, ನೀರಿಗೆ ಇಳದ ಮ್ಯಾಲ ಬೋಟಿನಿಂದ ದೂರ ಸರದು ಮಾಡು.

ಮತ್ತ ಒಂದು, ಕಂಪಾಸ್ ಸರಿ ಇದ್ರೂ ಹಿಡಿಯೂ ಕೈ ಸರಿ ಇಲ್ಲಂದ್ರ ದಾರಿ ತಪ್ತೈತಿ. ಕಂಪಾಸ್ ಇಲ್ಲದ ಕೈ ನೆಟ್ಟಗ ಮುಂದ ಚಾಚು, ಕಂಪಾಸ್ ಇರೋ ಕೈ ಮಡಚಿ ಆ ಮೊಳಕೈ ಹಿಡಕೋ, ಆಗ ಕಂಪಾಸಿನ ನಡುಗೆರಿ ನಿನ್ನ ಮೈ ನಡುಗೆರಿ ಒಂದ ಸಾಲಿನಾಗ ಬರ್ತಾವು. ನಮ್ಮ ಅಜ್ಜ ಮಳ್ಯಾಗ ಹಾಕೋತಿದ್ದನಲ್ಲಾ ಗೋಣಿಚೀಲದ ಕೊಪ್ಪಿ, ಅದನ್ನ ತಲಿ ಮ್ಯಾಲ ಮುಖದ ತನಕ ಎಳಕೊಂಡು ಕಂಪಾಸ್ ಬಿಟ್ಟು ಏನೂ ಕಾಣದಂಗ ಮಾಡ್ಕೊಂಡು ಮೈದಾನದಾಗ 30 ಹೆಜ್ಜಿ ಹೋಗು, 90 ತಿರುಗು, ಮತ್ತ 30, ಹಿಂಗ ನಾಕ ಬದಿ ಮುಗಿಸಿ ಕೊಪ್ಪಿ ತಗದು ನೋಡು. ಹೊಂಟ ಕಲ್ಲಿನಿಂದ ಎಷ್ಟು ದೂರ ನಿಂತಿ ಅನ್ನೂದ ನಿನ್ನ ರಿಸಲ್ಟ್. ನಾ ಕಲಿಯೂ ಮುಂದ ಟವೆಲ್ ಹೊದ್ಕೊಂಡು ಇದನ್ನ ಮಾಡ್ಸಿದ್ರು, ಮೂರು ದಿನ ಮಾಡಿದ ಮ್ಯಾಲ ಕೈ ಕುಂತ್ತು.

ಗದಗ_ಟ್ರೆಕ್ಕರ್:

ಜಾಗಾದ ಬಗ್ಗೆ ನಂದೂ ಒಂದು ಅನುಭವ. ಕಪ್ಪತಗುಡ್ಡದಾಗ ಕಂಪಾಸ್ ಹಿಡಕೊಂಡು ಹೋದಾಗ ಒಂದು ಬಂಡಿ ಮ್ಯಾಲ ಇಟ್ಟು ಓದಿದ್ರ ಸೂಜಿ ಎಲ್ಲೆಲ್ಲೋ ಹೊಳ್ಳತಿತ್ತು, ಕೆಟ್ಟೈತಿ ಅಂತ ತಿಳಕೊಂಡು ಒಗದಬಿಡೂದಿತ್ತು. ಅಲ್ಲಿ ಕಲ್ಲಿನಾಗ ಕಬ್ಬಿಣದ ಅದಿರಿನ ಪಟ್ಟಿಗೋಳದಾವು ಅನ್ನೂದು ಆಮ್ಯಾಲ ತಿಳೀತು. ಗದಗಕ್ಕ ಬಂದು ಬಯಲಾಗ ನೋಡಿದ್ರ ಸರಿ ಇತ್ತು. ಹಂಗ ಯಾವುದಕ್ಕೂ ರೈಲ್ವೆ ಸ್ಟೇಷನ್ ಕಡೆ ಮಾತ್ರ ಹೋಗಬ್ಯಾಡ್ರಿ, ನಿಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್ ನೆಟ್ಟಗ ಐತಿ ಅಂತ ಯಾರರ ಅಲ್ಲಿ ಚೆಕ್ ಮಾಡು ಅಂದಾರು, ಅಲ್ಲಿ ಬರೇ ಹಳಿ ಕಬ್ಬಿಣ.

ಇನ್ನೊಂದು ಕಂಪಾಸ್ ಇಲ್ಲದನ ಉತ್ತರ ಹಿಡಿಯೂದು ಹೆಂಗ ಅಂತ ಹೇಳ್ತೀನಿ. ಒಂದು ಕೋಲು ನೆಟ್ಟಗ ನೆಲಕ್ಕ ಊರಿ, ನೆರಳು ಎಲ್ಲಾಕಿಂತ ಗಿಡ್ಡ ಆದ ಹೊತ್ತಿನಾಗ ಅದು ಉತ್ತರ ದಕ್ಷಿಣ ಬಿದ್ದಿರ್ತೈತಿ. ಹುಬ್ಬಳ್ಳಿಯಾಗ ಆ ಹೊತ್ತು ಗಡಿಯಾರದ 12ಕ್ಕ ಬರಂಗಿಲ್ಲ, ನವೆಂಬರ್ ಮೊದಲಕ್ಕ 12:13ರ ಸುಮಾರು, ಫೆಬ್ರುವರಿ ನಡುವ 12:43ರ ಸುಮಾರು. ಮೇ ಮೊದಲ ವಾರ ಆಗಸ್ಟ್ ಎರಡನೇ ವಾರದಾಗ ಸೂರ್ಯ ನೆತ್ತಿ ಮ್ಯಾಲ ಬರ್ತಾನ, ಆಗ ನೆರಳ ಇರಂಗಿಲ್ಲ, ಈಗ ಆ ಚಿಂತಿ ಇಲ್ಲ. ರಾತ್ರಿ ಆದ್ರ ಧ್ರುವ ನಕ್ಷತ್ರ. ಈಗ ಬೆಳಗಿನ 5ಕ್ಕ ಎದ್ರ ಸಪ್ತರ್ಷಿ ಮಂಡಲ ಈಶಾನ್ಯದಾಗ ಎದ್ದಿರ್ತೈತಿ, ಅದರ ಚೌಕದಾಗ ಬಾಲ ಇಲ್ಲದ ಕಡೆ ಅಂಚಿನ ಎರಡು ನಕ್ಷತ್ರ, ಪುಲಹದಿಂದ ಕ್ರತುವಿಗೆ ಗೆರಿ ಎಳದು ಅದನ್ನ ಐದು ಪಟ್ಟು ಮುಂದ ಒಯ್ದ್ರ ಧ್ರುವ. ನಮ್ಮ ಕಡೆ ಅದು ಭಾಳ ಕೆಳಗ, 15 ಡಿಗ್ರಿ ಎತ್ತರ ಅಷ್ಟ, ಕೈ ಚಾಚಿ ಒಂದೂವರಿ ಮುಷ್ಟಿ. ಕಂಪಾಸಿನ ಉತ್ತರಕ್ಕೂ ಅದಕ್ಕೂ ಇಲ್ಲಿ ಒಂದು ಡಿಗ್ರಿ ಆಸುಪಾಸು ಫರಕ, ನಮ್ಮ ಕೆಲಸಕ್ಕ ಅದು ಲೆಕ್ಕಕ್ಕಿಲ್ಲ.

ಉಣಕಲ್_ಹುಡುಗ:

ಕಾಕಾ, ಅಣ್ಣಾರ, ಎಲ್ಲಾರಿಗೂ ಭಾಳ ಉಪಕಾರ ಆತು. ಐತವಾರ ಬೆಳಿಗ್ಗೆ 6ಕ್ಕ ಕ್ರಿಕೆಟ್ ಹುಡುಗರು ಬರೂಕಿಂತ ಮೊದಲ ನೆಹರೂ ಮೈದಾನಕ್ಕ ಹೋಗಿದ್ದೆ. ಎರಡು ಕಲ್ಲು ಇಟ್ಟು ಓದಿದೆ, ಹೋಗೂ ಮುಂದ 72, ಬರೂ ಮುಂದ 252. ಬರೋಬ್ಬರಿ 180. ಓದಿದ ಕೂಡಲೇ ಮೈ ಹಗರಾತು. ಸೂರ್ಯ ಮೂಡಿದ ಮ್ಯಾಲ ಅವನ ಕಡೆ ಮುಖಾ ಮಾಡಿ ನಿಂತೆ, ಉತ್ತರ ಎಡಗೈ ಕಡೆ ತೋರಸ್ತು, ಅಂದ್ರ ಅದಲು ಬದಲು ಆಗಿಲ್ಲ.

ಸ್ಕ್ರೂ ಡ್ರೈವರ್ ಹಿಡದು ಎಡಕ್ಕ ಐದು ಸಲ ಬಲಕ್ಕ ಐದು ಸಲ ಮಾಡಿದೆ. ಎಡದಿಂದ ಬಿಟ್ರ 72ಕ್ಕ ಬಂದು ನಿಲ್ತೈತಿ, ಬಲದಿಂದ ಬಿಟ್ರ 76. ಐದಕ್ಕ ಐದೂ ಸಲ ಹಂಗ. ಬೆರಳಿನಿಂದ ಗಾಜಿಗೆ ಮೆಲ್ಲಕ ಬಡದ್ರ 76ರಿಂದ 73ಕ್ಕ ಇಳೀತೈತಿ. ಕಿಡಕಿಯಿಂದ ನೋಡಿದ್ರ ಹಾವೇರಿ ಅಣ್ಣಾರು ಹೇಳಿದಂಗ ದಕ್ಷಿಣದ ಅಂಚು ಕೆಳಗ ಐತಿ, ಕಣ್ಣಿಗೆ ಕಾಣೂವಷ್ಟು. ದಕ್ಷಿಣದ ಕಡೆ ಎತ್ತಿ ಹಿಡದ್ರ 10 ಡಿಗ್ರಿಗೆ ಕಾರ್ಡ್ ನಿಲ್ತೈತಿ, ಉತ್ತರದ ಕಡೆ ಎತ್ತಿದ್ರ 25ರ ತನಕ ಆರಾಮ ತಿರಗತೈತಿ. ಗುಳ್ಳಿ ಅಷ್ಟ ಐತಿ, ಎಣ್ಣಿ ಎಲ್ಲೂ ಹತ್ತಿಲ್ಲ.

ಕೊಪ್ಪಿ ಹಾಕ್ಕೊಂಡು ನಾಕ ಬದಿ ನಡದೆ, ನಮ್ಮವ್ವ ಅಟ್ಟದ ಮ್ಯಾಲಿಂದ ಹಳೇ ಗೋಣಿಚೀಲ ಹುಡುಕಿ ಮಡಚಿ ಕೊಟ್ಲು. ಮೊದಲ ಸಲ ಕಲ್ಲಿನಿಂದ ಹನ್ನೊಂದು ಹೆಜ್ಜಿ ಆಚೆ, ಆರನೇ ಸಲಕ್ಕ ಮೂರು ಹೆಜ್ಜಿ. ಈಗ ಹೇಳ್ರಿ, ಇದನ್ನ ಕೋರ್ಸಿಗೆ ಒಯ್ಯಾಕ ಆಗ್ತೈತೋ ಇಲ್ಲೋ?

ಹಾವೇರಿ_ಡೈವರ್:

ಚೊಲೊ ಮಾಡೀದಿ. 4 ಡಿಗ್ರಿ ತಪ್ಪಂದ್ರ 30 ಮೀಟರ್ ಈಜೂದ್ರಾಗ 2 ಮೀಟರ್ ಅತ್ಲಾಗ ಹೋಗ್ತಿ, ನೀರು ಜರಾ ತಿಳಿ ಇದ್ರ ಹಗ್ಗ ಕಣ್ಣಿಗೆ ಬೀಳ್ತೈತಿ. ಅದು ನಡೀತೈತಿ. ನಂಗ ಒಪ್ಪಿಗಿ ಆಗದ್ದು ಆ 10 ಡಿಗ್ರಿ. ಉತ್ತರದ ಕಡೆ ಈಜೂ ಮುಂದ ನಿನ್ನ ಕಡೀ ಅಂಚು ತಟಗ ಮ್ಯಾಲ ಎದ್ರೂ ಕಾರ್ಡ್ ಕಚ್ಕೋತೈತಿ, ಕಚ್ಕೊಂಡ ಕಾರ್ಡ್ ನಿನ್ನ ಜೋಡಿನ ತಿರಗತೈತಿ, ನೀ ದಾರಿ ಬಿಟ್ರೂ ಅಂಕಿ ಮಾತ್ರ ಬದಲಾಗಂಗಿಲ್ಲ. ಎಲ್ಲಾಕಿಂತ ಕೆಟ್ಟ ತಪ್ಪು ಅದ, ಯಾಕಂದ್ರ ನೋಡಿದ್ರ ಸರಿ ಐತಿ ಅನಿಸ್ತೈತಿ.

ಅದಕ್ಕ ಊರಾಗ ಪ್ರಾಕ್ಟೀಸಿಗೆ ಇದನ್ನ ಬಳಸು, ಡಿಸೆಂಬರ್ ಡೈವಿಗೆ ನೀ ಕೋರ್ಸ್ ಮಾಡೂ ಕಡೆ ಬಾಡಿಗಿದು ಕೇಳು, ಇಳಿಯೂಕಿಂತ ಮೊದಲ ದಂಡಿ ಮ್ಯಾಲ ಅದಕ್ಕೂ ಇದ ಪರೀಕ್ಷಾ ಮಾಡು. ಯಾರೂ ಬ್ಯಾಡ ಅನ್ನಂಗಿಲ್ಲ. ಮುಂದ ತಗೊಳ್ಳೂದಿದ್ರ ನಮ್ಮ ಕಡೆ ವಲಯಕ್ಕ ತೂಕ ಹಾಕಿದ್ದು, ಇಲ್ಲಾ ಎಲ್ಲಾ ಕಡೆ ನಡಿಯೂದು ಕೇಳಿ ತಗೋ, ಅಂಗಡ್ಯಾಗ ವಾಲಿಸಿ ನೋಡಿನ ತಗೋ.

ಸರ್ವೇ_ಕಾಕಾ_ಧಾರವಾಡ:

ಬಾಡಿಗಿ ಕಂಪಾಸ್ ದಂಡಿ ಮ್ಯಾಲ ನೋಡೂ ಮುಂದ ನಿಂತ ಗಾಡಿ, ಸಿಲಿಂಡರ್ ರಾಶಿ ಇವೆಲ್ಲಾದರಿಂದ ದೂರ ಉಸುಕಿನಾಗ ನಡದು ಹೋಗಿ ನೋಡು ತಮ್ಮಾ. ಸ್ಕ್ರೂ ಡ್ರೈವರ್ ಚೀಲದಾಗ ಹಾಕ್ಕೊಳ್ಳೂದು ಮರೀಬ್ಯಾಡ, ಕಂಪಾಸ್ ಇಟ್ಟ ಚೀಲದಾಗ ಮಾತ್ರ ಅಲ್ಲ.