ಮನೆಯಲ್ಲೇ ಸನ್‌ಸ್ಕ್ರೀನ್ ಮಾಡಿಕೊಳ್ಳಬಹುದಾ ಡಾಕ್ಟರ್?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನಮ್ಮದು ರಾಯಚೂರು. ದಿನಾ ಸ್ಕೂಟಿಯಲ್ಲಿ ಶಾಲೆಗೆ ಪಾಠ ಮಾಡಲು ಹೋಗುತ್ತೇನೆ, ಅರ್ಧ ಗಂಟೆಯ ದಾರಿ. ಎರಡನೇ ಹೆರಿಗೆ ಆದಮೇಲೆ ಕೆನ್ನೆಗೆ ಬಂಗು ಬಂದಿದೆ. ಅಂಗಡಿ ಸನ್‌ಸ್ಕ್ರೀನ್ ದುಬಾರಿ, ಕೆಮಿಕಲ್ ಅಂತ ಭಯ ಬೇರೆ. ಅದಕ್ಕೇ ಕೊಬ್ಬರಿ ಎಣ್ಣೆ, ಶಿಯಾ ಬಟರ್, ಕ್ಯಾರೆಟ್ ಬೀಜದ ಎಣ್ಣೆಗೆ ಎರಡು ಚಮಚ ಝಿಂಕ್ ಆಕ್ಸೈಡ್ ಪುಡಿ ಕಲಸಿ ಇಟ್ಟುಕೊಂಡಿದ್ದೇನೆ. ಎರಡು ತಿಂಗಳಿಂದ ಹಚ್ಚುತ್ತಿದ್ದೇನೆ. ಮುಖ ಉರಿದಿಲ್ಲ, ಕೆಂಪಾಗಿಲ್ಲ. ಮುಂದುವರಿಸಲಾ?

ಉತ್ತರ: ಬೇಡ, ನಿಲ್ಲಿಸಿಬಿಡಿ. ಝಿಂಕ್ ಆಕ್ಸೈಡ್ ಒಳ್ಳೆಯದೇ, ಎಷ್ಟೋ ಸನ್‌ಸ್ಕ್ರೀನ್‌ಗಳಲ್ಲಿ ಅದೇ ಇರುತ್ತದೆ. ತೊಂದರೆ ಇರುವುದು ಕಲಸುವುದರಲ್ಲಿ. ನಿಮ್ಮ ಡಬ್ಬಿಯಿಂದ ಚೂರು ತೆಗೆದು ಗಾಜಿನ ಲೋಟದ ಮೇಲೆ ತೆಳ್ಳಗೆ ಸವರಿ, ಬೆಳಕಿಗೆ ಹಿಡಿದು ನೋಡಿ. ಇಲ್ಲೊಂದು ಬಿಳಿ ಗಂಟು, ಪಕ್ಕದಲ್ಲಿ ಬರೀ ಎಣ್ಣೆ. ಕೆನ್ನೆಯ ಮೇಲೂ ಹೀಗೇ ಕೂತಿರುತ್ತದೆ. ಬರೀ ಎಣ್ಣೆ ಇರುವ ಕಡೆ ಬಿಸಿಲು ಒಳಗಿಳಿಯುತ್ತದೆ. ಮಿಕ್ಸಿಗೆ ಹಾಕಿದರೂ ಆ ಗಂಟು ಪೂರ್ತಿ ಒಡೆಯುವುದಿಲ್ಲ. ಪುಡಿಯ ಧೂಳು ಮೂಗಿಗೆ ಹೋಗುತ್ತದೆ, ಅಷ್ಟೇ. ತಯಾರಕರು ಎಸ್‌ಪಿಎಫ್, ಅಂದರೆ ಬಿಸಿಲಿಗೆ ಚರ್ಮ ಸುಡದಂತೆ ಕ್ರೀಮ್ ಎಷ್ಟು ಕಾಪಾಡುತ್ತದೆ ಅನ್ನುವ ಅಂಕೆ, ಅಳೆಯುವಾಗ ಚರ್ಮದ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡುತ್ತಾರೆ. ಮನೆಯ ಡಬ್ಬಿಗೆ ಆ ಪರೀಕ್ಷೆ ಇಲ್ಲ. ಕ್ಯಾರೆಟ್ ಬೀಜದ ಎಣ್ಣೆಗೆ ಎಸ್‌ಪಿಎಫ್ 40 ಇದೆ ಅಂತ ಕೆಲವರು ಹೇಳುವುದಕ್ಕೂ ನಂಬುವಂಥ ಆಧಾರ ಇಲ್ಲ.

ಕೆಂಪಾಗಿಲ್ಲ ಅಂದಿರಲ್ಲ, ನನಗೆ ಚಿಂತೆ ಆಗಿದ್ದು ಆ ಮಾತಿಗೇ. ನಮ್ಮ ಕಂದು ಚರ್ಮ ಸುಲಭಕ್ಕೆ ಕೆಂಪಾಗುವುದಿಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಎ ಕಿರಣ ಉರಿಸದೇ ಬಂಗನ್ನು ಕಪ್ಪು ಮಾಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಆದಮೇಲೆ ಕನ್ನಡಿಯಲ್ಲಿ ಗೊತ್ತಾಗುತ್ತದೆ.

ಇನ್ನೊಬ್ಬ ಸದಸ್ಯೆ: ನಮ್ಮತ್ತೆ ನಿಂಬೆರಸ ಹಚ್ಚಿಕೊಂಡು ಹೋಗು ಅಂತಾರೆ ಮೇಡಂ?

ಉತ್ತರ: ದಯವಿಟ್ಟು ಬೇಡ. ಶರಬತ್ತು ಮಾಡಿ ಕೈ ತೊಳೆಯದೆ ಬಿಸಿಲಿಗೆ ಹೋದವರ ಬೆರಳಿಗೆ ಬೊಬ್ಬೆ ಬಂದಿದ್ದು ನೋಡಿದ್ದೇನೆ. ಬೊಬ್ಬೆ ಹೋದರೂ ಕಪ್ಪು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಲೋಳೆಸರ ಬೇಕಾದರೆ ಮನೆಗೆ ಬಂದಮೇಲೆ ಹಚ್ಚಿ, ತಂಪಾಗುತ್ತದೆ. ಬಿಸಿಲು ಮಾತ್ರ ತಡೆಯುವುದಿಲ್ಲ.

ಪ್ರಶ್ನೆ: ಹಾಗಾದರೆ ಖರ್ಚು ಕಡಿಮೆ ಮಾಡೋದು ಹೇಗೆ ಮೇಡಂ? ಮಗು ಇನ್ನೂ ಹಾಲು ಕುಡಿಯುತ್ತೆ.

ಉತ್ತರ: ಮೊದಲು ಬಟ್ಟೆ. ಗಾಢ ಬಣ್ಣದ, ಒತ್ತಾಗಿ ನೇಯ್ದ ಹತ್ತಿ ವೇಲ್ ತಗೊಳ್ಳಿ. ಬೆಳಕಿಗೆ ಹಿಡಿದಾಗ ಆಚೆ ಕಡೆ ಕಂಡರೆ ಎರಡು ಮಡಿಕೆ ಮಾಡಿ ಮುಖಕ್ಕೆ ಸುತ್ತಿ, ಮೇಲೆ ಹೆಲ್ಮೆಟ್. ತೋಳಿಗೆ ಹತ್ತಿಯ ಕೈಗವಸು. ಆಗ ಕ್ರೀಮ್ ಮುಖ, ಕುತ್ತಿಗೆಗೆ ಮಾತ್ರ ಸಾಕು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಝಿಂಕ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಕ್ರೀಮ್ ತಗೊಳ್ಳಿ. ಹಾಲೂಡಿಸುವವರೂ ಹಚ್ಚಬಹುದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗಿಗೆ ಅದು ಬೇಕೇ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಾಕಿಕೊಂಡರೆ ಅಳತೆ ಸರಿ. ಶಾಲೆಯಿಂದ ಹೊರಡುವ ಮುಂಚೆ ಮುಖ ತೊಳೆದು ಮತ್ತೆ ಹಚ್ಚಿ, ಬೆಳಗಿನದು ಅಷ್ಟೊತ್ತಿಗೆ ಉಳಿದಿರುವುದಿಲ್ಲ. ಬಂಗನ್ನು ಒಮ್ಮೆ ಹತ್ತಿರದ ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟೀರಾಯ್ಡ್ ಕ್ರೀಮ್ ಮಾತ್ರ ಹಚ್ಚಬೇಡಿ.

ಡಬ್ಬಿಯಲ್ಲಿ ಉಳಿದಿದ್ದನ್ನು ಎಸೆಯಬೇಡಿ. ರಾತ್ರಿ ಒಡೆದ ಹಿಮ್ಮಡಿಗೆ ಹಚ್ಚಿ ಮುಗಿಸಿ.