ಸಹಾಯ ಬೇಕು: ಟ್ರೇ ಬಿಟ್ಟು ಮ್ಯಾಟ್ ಮೇಲೆ ಉಚ್ಚೆ ಮಾಡುವ ಬೆಕ್ಕು

ಆರು ವರ್ಷದ ಗಂಡು, ಮರಿಯಾಗದಂತೆ ಆಪರೇಷನ್ ಆಗಿದೆ, ತೂಕ 4.8 ಕೆಜಿ. ಮೂರು ವಾರದಿಂದ ಕಕ್ಕ ಟ್ರೇಯಲ್ಲೇ, ಉಚ್ಚೆ ಮಾತ್ರ ಕಾಲೊರೆಸುವ ಮ್ಯಾಟ್ ಮೇಲೆ. ನಿಂತು ಬಾಲ ನಡುಗಿಸಿ ಗೋಡೆಗೆ ಚಿಮ್ಮಿಸುವುದಲ್ಲ, ಕೂತೇ ಮಾಡುತ್ತದೆ. ಹಾಗಾಗಿ ಇದು ಗಡಿ ಗುರುತಿಸುವ ಚಾಳಿ ಅನ್ನಿಸುತ್ತಿಲ್ಲ. ಮೂತ್ರ ಪರೀಕ್ಷೆ, ಸ್ಕ್ಯಾನ್ ಆಗಿದೆ: ಸೋಂಕಿಲ್ಲ, ಹರಳಿಲ್ಲ. (ತಿಣುಕಿದರೂ ಉಚ್ಚೆ ಬರದಿದ್ದರೆ ಇಲ್ಲಿ ಬರೆಯುತ್ತಾ ಕೂರುತ್ತಿರಲಿಲ್ಲ. ಗಂಡು ಬೆಕ್ಕಿಗೆ ಅದು ಜೀವಕ್ಕೇ ಅಪಾಯ, ತಕ್ಷಣ ಡಾಕ್ಟರ ಹತ್ತಿರ ಓಡಬೇಕು.)

ಬದಲಾಗಿದ್ದು ಒಂದೇ: ಟ್ರೇಯಲ್ಲಿದ್ದ ನುಣ್ಣನೆಯ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಮರಳು ತೆಗೆದು ಮರದ ಪೆಲೆಟ್ (ಮರದ ಹೊಟ್ಟು ಒತ್ತಿ ಮಾಡಿದ ಗಟ್ಟಿ ತುಂಡು) ಹಾಕಿದ್ದು, ಅದೂ ಒಂದೇ ದಿನದಲ್ಲಿ. ಪೆಲೆಟ್ ಅಂಗಾಲಿಗೆ ಒತ್ತುತ್ತದೋ ಏನೋ, ಮುಂಗಾಲು ಎರಡನ್ನೂ ಟ್ರೇ ಅಂಚಿನ ಮೇಲಿಟ್ಟು ಕೂರುತ್ತದೆ, ಮುಗಿದ ಕೂಡಲೇ ಮುಚ್ಚದೆ ಹೊರಗೆ ಜಿಗಿಯುತ್ತದೆ.

ಟ್ರೇ ಎರಡಿವೆ, ಮುಚ್ಚಳವಿಲ್ಲ, ಉದ್ದ 60 ಸೆಂ.ಮೀ., ದಿನಕ್ಕೆರಡು ಸಲ ಕ್ಲೀನ್ ಆಗುತ್ತವೆ. ಮ್ಯಾಟ್ ಒಗೆದಿದ್ದು ಉಚ್ಚೆಯ ವಾಸನೆ ಹೋಗಿಸುವ ಎನ್‌ಜೈಮ್ ಕ್ಲೀನರ್‌ನಲ್ಲಿ. ಅಮೋನಿಯಾ ಇರುವುದನ್ನು ಮುಟ್ಟಿಲ್ಲ, ಅದರ ನಾತವೇ ಉಚ್ಚೆಯಂತಿರುತ್ತದೆ.

ಈಗ ಒಂದು ಟ್ರೇಗೆ ಹಳೆಯ ಮರಳನ್ನೇ 6 ಸೆಂ.ಮೀ. ತುಂಬಿ ಮ್ಯಾಟ್ ಇದ್ದ ಜಾಗದಲ್ಲಿಟ್ಟಿದೆ. ನಾಲ್ಕು ದಿನದಿಂದ ಅದರಲ್ಲೇ ಹೋಗುತ್ತಿದೆ. ಆದರೆ ಮರಳಿನ ಧೂಳಿಗೆ ಮನೆಯಲ್ಲೊಬ್ಬರಿಗೆ ಉಬ್ಬಸ, ಪೆಲೆಟ್‌ಗೆ ಮರಳಲೇಬೇಕು. ವಾರಕ್ಕೆ ಕಾಲು ಪಾಲು ಬೆರೆಸಿದರೆ ಸಾಕೇ, ಇನ್ನೂ ನಿಧಾನ ಬೇಕೇ? ಟ್ರೇಯನ್ನು ಹಳೆಯ ಜಾಗಕ್ಕೆ ಸರಿಸುವುದು ಬೆರೆಸುವ ಮೊದಲೋ, ಆಮೇಲೋ? ಮಾಡಿ ನೋಡಿದವರು ತಿಳಿಸಿ.