ನಾಯಕಿ ವೆಡ್ಡಿಂಗ್ ಪ್ಲ್ಯಾನರೇ ಏಕೆ, ತಿರುವು ಬಸಿರೇ ಏಕೆ?

ಪ್ರಶ್ನೆ:
ಮಿಲ್ಸ್ ಅಂಡ್ ಬೂನ್ ಮಾದರಿಯ ಇಂಗ್ಲಿಷ್ ಪ್ರಣಯ ಕಾದಂಬರಿಗಳನ್ನು ಕಾಲೇಜಿನ ದಿನಗಳಿಂದಲೂ ಓದುತ್ತ ಬಂದಿದ್ದೇನೆ. ಈಚೆಗೆ ಓದಿದ ನಾಲ್ಕರಲ್ಲಿ ಮೂರರ ನಾಯಕಿಯರು ವೆಡ್ಡಿಂಗ್ ಪ್ಲ್ಯಾನರುಗಳು; ಮೂವರೂ ಯಾರದೋ ಮದುವೆಯ ರಾತ್ರಿ ವರನ ಅಣ್ಣನನ್ನೋ ಗೆಳೆಯನನ್ನೋ ಕೂಡಿ, ಕೆಲವು ಅಧ್ಯಾಯಗಳ ನಂತರ ಇನ್ನೊಂದು ಮದುವೆಯ ಕೇಕಿನ ಬೆಣ್ಣೆ ವಾಸನೆಗೆ ಹೊಟ್ಟೆ ತೊಳಸಿ, ತಾವು ಬಸಿರೆಂದು ತಿಳಿದುಕೊಳ್ಳುತ್ತಾರೆ. ಈ ಉದ್ಯೋಗಕ್ಕೂ ಈ ತಿರುವಿಗೂ ನಿಜವಾಗಿ ನಂಟಿದೆಯೇ, ಅಥವಾ ಇದು ಬರೆಯುವವರ ಸೋಮಾರಿತನವೇ? ಇದೇ ಹಂದರದಲ್ಲಿ ಕನ್ನಡದಲ್ಲೊಂದು ಕಿರುಕಾದಂಬರಿ ಬರೆಯಲು ತೊಡಗಿರುವುದರಿಂದ ಕೇಳುತ್ತಿದ್ದೇನೆ.

ಉತ್ತರ 1:
ನಂಟಿದೆ. ಹೂವು ಎಷ್ಟು ಗಂಟೆಗೆ ಬರಬೇಕು, ವಧು ಎಷ್ಟು ನಿಮಿಷಕ್ಕೆ ಬಾಗಿಲಲ್ಲಿ ನಿಲ್ಲಬೇಕು ಎಂದು ಪಟ್ಟಿ ಮಾಡಿಕೊಂಡು, ತನ್ನ ಶನಿವಾರಗಳನ್ನೆಲ್ಲ ಪರರ ಮದುವೆಗೆ ಕೊಟ್ಟವಳ ಬದುಕಿನಲ್ಲಿ ಆ ಪಟ್ಟಿಗೆ ಸೇರದ ಸಂಗತಿಯೊಂದು ನಡೆದುಬಿಡುತ್ತದೆ. ಕಥೆಗೆ ಬೇಕಾದ ಇಕ್ಕಟ್ಟು ಅವಳ ಕಸುಬಿನಲ್ಲೇ ಇದೆ.

ಆದರೆ ಲೆಕ್ಕ ತಪ್ಪಬೇಡಿ. ವೈದ್ಯರು ಬಸಿರಿನ ವಾರಗಳನ್ನು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆದ್ದರಿಂದ ಮುಟ್ಟು ತಪ್ಪಿದ ದಿನಕ್ಕೇ ಸುಮಾರು 4 ವಾರ ತುಂಬಿರುತ್ತದೆ. ವಾಕರಿಕೆ ಸಾಮಾನ್ಯವಾಗಿ ಶುರುವಾಗುವುದು 6ನೇ ವಾರದ ಆಸುಪಾಸಿನಲ್ಲಿ, ಅಂದರೆ ಆ ರಾತ್ರಿ ಕಳೆದು ಹೆಚ್ಚುಕಡಿಮೆ ತಿಂಗಳಾದ ಮೇಲೆ. ಮೂರನೆಯ ದಿನಕ್ಕೇ ಬಚ್ಚಲಿಗೆ ಓಡುವ ನಾಯಕಿಗೆ ಆಗಿರುವುದು ಅಜೀರ್ಣ.

ಉತ್ತರ 2:
ಸೋಮಾರಿತನವೆಂದರೆ ಅನ್ಯಾಯವಾದೀತು. 1908ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯನ್ನು 1971ರಲ್ಲಿ ಕೊಂಡದ್ದು ಕೆನಡಾದ ಹಾರ್ಲೆಕ್ವಿನ್. ತಿಂಗಳು ತಿಂಗಳೂ ಮಾಲಿಕೆಗಳಾಗಿ ಬರುವ ಇವುಗಳಲ್ಲಿ ಅನೇಕ ಪುಸ್ತಕಗಳ ಅಳತೆ ಸುಮಾರು 50,000 ಪದ. ಇಷ್ಟರೊಳಗೆ ಒಂದು ರಾತ್ರಿಯ ಪರಿಚಯದ ಇಬ್ಬರನ್ನು ಮತ್ತೆ ಮತ್ತೆ ಎದುರುಬದುರು ಕೂರಿಸಲು ಬಲವಾದ ಕಾರಣ ಬೇಕು, ಮಗು ಆ ಕಾರಣ. ಬಸಿರಿನ ಗುಟ್ಟನ್ನು ಎಷ್ಟೋ ಸಲ ಪುಸ್ತಕದ ಹೆಸರೇ ಹೇಳಿಬಿಡುವುದರಿಂದ, ಓದುಗರ ಕುತೂಹಲವೆಲ್ಲ ಅವನಿಗೆ ಅದನ್ನು ಹೇಗೆ ತಿಳಿಸುತ್ತಾಳೆ ಎಂಬಲ್ಲಿರುತ್ತದೆ.

ನಾನು ಇಂಥ ಕಾದಂಬರಿಯನ್ನು ಅಳೆಯುವುದು "ಮಗುವಿಗಾಗಿ ಮದುವೆಯಾಗೋಣ" ಎಂದು ಅವನು ಕೇಳುವ ಪುಟದಲ್ಲಿ. ನೂರಾರು ಮದುವೆಗಳನ್ನು ಹತ್ತಿರದಿಂದ ಕಂಡವಳು ಅಲ್ಲಿ ತಕ್ಷಣ ಒಪ್ಪಿಕೊಂಡರೆ, ಅವಳ ಉದ್ಯೋಗ ಬರಿಯ ಅಲಂಕಾರವಾಗಿತ್ತೆಂದೇ ಅರ್ಥ.

ಉತ್ತರ 3:
ನನ್ನದೊಂದು ತಕರಾರಿದೆ. ನಾನು ಓದಿದ ಇಂಥ ಪುಸ್ತಕಗಳಲ್ಲಿ ಗರ್ಭಪಾತದ ಯೋಚನೆ ಒಂದು ಸಾಲಿನಲ್ಲೂ ಸುಳಿಯುವುದು ಅಪರೂಪ. ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕೆಂದು ಒಪ್ಪಿದ್ದ 1973ರ ತನ್ನ ತೀರ್ಪನ್ನು 2022ರ ಜೂನ್‌ನಲ್ಲಿ ರದ್ದುಗೊಳಿಸಿದ ಮೇಲೆ ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನಾಗಿದೆ. ನಾಯಕಿ ಟೆಕ್ಸಾಸಿನವಳೋ ನ್ಯೂಯಾರ್ಕಿನವಳೋ ಎಂಬುದು ಈಗ ಬರಿಯ ಹಿನ್ನೆಲೆಯ ವಿವರವಲ್ಲ. ನಮ್ಮಲ್ಲಿ 1971ರಿಂದ ಗರ್ಭಪಾತದ ಕಾನೂನಿದೆ. 20ರಿಂದ 24 ವಾರಗಳ ಅವಧಿಯ ಅವಕಾಶವನ್ನು ಅವಿವಾಹಿತೆಯರಿಗೆ ನಿರಾಕರಿಸುವಂತಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ನಿಮ್ಮ ನಾಯಕಿ ಮಗುವನ್ನು ಉಳಿಸಿಕೊಳ್ಳಲಿ, ಆದರೆ ಅದು ಅವಳೇ ಯೋಚಿಸಿ ಮಾಡಿದ ತೀರ್ಮಾನವಾಗಿರಲಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ನನ್ನ ಕರಡಿನಲ್ಲಿ ಐದನೆಯ ದಿನಕ್ಕೇ ವಾಂತಿಯಾಗಿತ್ತು; ಅದನ್ನು ಎರಡು ಮದುವೆಗಳಾಚೆಗೆ ತಳ್ಳಿದ್ದೇನೆ. ನಮ್ಮಲ್ಲಿ ಮುಹೂರ್ತ ಇಡುವವರು ಪುರೋಹಿತರಾದ್ದರಿಂದ ನಾಯಕಿಯ ಹಿಡಿತಕ್ಕೆ ಮೊದಲೇ ಒಂದು ಮಿತಿಯಿದೆ. ಈಗ ಅವಳು, ಒಳಗೆ ಗಟ್ಟಿಮೇಳ ಮೊಳಗುವಾಗ, ಸಾರಿನ ಒಗ್ಗರಣೆಯ ವಾಸನೆ ತಾಳಲಾರದೆ ಛತ್ರದ ಹಿತ್ತಿಲಿನ ನಲ್ಲಿಯ ಬಳಿ ಕುಳಿತಿರುತ್ತಾಳೆ. ವೈದ್ಯೆಯೊಡನೆ ಮಾತಾಡುವ ಅಧ್ಯಾಯವನ್ನು ನಾನು ಬರೆದೇ ಇರಲಿಲ್ಲ. ಮೊದಲು ಅದನ್ನು ಬರೆಯುತ್ತೇನೆ.